ಹೈಬ್ರಿಡ್ ಬೀಜ ಕೇಳಲು ಬಂದವರು

ಮನೆಗೆ ನಾಲ್ಕು ಜನ ಬರಲಿ ಎಂಬ ಆಸೆಗೆ ಮನುಷ್ಯ ಏನೇನೋ ಮಾಡುತ್ತಾನೆ. ಕೆಲವರು ಇಸ್ಪೀಟು ಇಟ್ಟುಕೊಳ್ಳುತ್ತಾರೆ, ಕೆಲವರು ರೇಡಿಯೋ ತರುತ್ತಾರೆ. ನಾನು ಹೈಬ್ರಿಡ್ ಜೋಳ ಬೆಳೆದೆ. ಸೋನ್ಯಾಳದ ಕನ್ನಡ ಶಾಲೆಗೆ ಮಾಸ್ತರನಾಗಿ ಬಂದು ಆಗಲೇ ನಾಲ್ಕು ವರ್ಷ. ಒಬ್ಬಂಟಿ. ಶಾಲೆ ಬಿಟ್ಟ ಮೇಲೆ ನನ್ನೊಡನೆ ಸದ್ದು ಮಾಡುತ್ತಿದ್ದುದು ಸೀಮೆಎಣ್ಣೆಯ ಸ್ಟೋ ಒಂದೇ. ಅದಕ್ಕೂ ಮೊದಲು ಪಿನ್ನು ಚುಚ್ಚಬೇಕಾಗಿತ್ತು.

ಅರವತ್ತರ ದಶಕದ ಕೊನೆಯ ಮಾತು. ತಾಲೂಕಿನ ಊರಾದ ಜತ್ತದಿಂದ ಗ್ರಾಮಸೇವಕರು ಹೊಸ ಬೀಜದ ಚೀಲ ತಂದಾಗ ಊರಲ್ಲಿ ಯಾರೂ ಮುಟ್ಟಲಿಲ್ಲ. ಕಳೆದುಕೊಳ್ಳುವುದಕ್ಕೆ ನನಗೇನೂ ಇರಲಿಲ್ಲ, ಮನೆಯ ಹಿಂದಿನ ತುಂಡು ಹೊಲದಲ್ಲಿ ಬಿತ್ತಿದೆ. ಗಿಡ್ಡ ದಂಟು, ಎಲ್ಲವೂ ಒಂದೇ ಎತ್ತರ, ಮುಷ್ಟಿ ಗಾತ್ರದ ತೆನೆ. ಚಲೋ ಬೆಳೆದವರ ಮನೆಗೆ ಹೋಗಿ ತಮ್ಮ ಕಾಳು ಕೊಟ್ಟು ಬೀಜ ಒಯ್ಯುವುದು ಅಲ್ಲಿಯ ವಾಡಿಕೆ. ಪಕ್ಕದ ಹೊಲದ ಬೀರಪ್ಪಕಾಕಾ ಪುಟ್ಟಿಯ ತುಂಬ ಕಾಳು ಹಿಡಿದು ಬಂದರು. ಅವರ ಹಿಂದೆ ಏಳೆಂಟು ಜನ. "ಮಾಸ್ತರ, ನಮಗೂ ಒಂದೀಟು ಬೀಜ ಇಡ್ರಿ." ಒಂದು ವಾರ ನನ್ನ ಮನೆಯಲ್ಲಿ ಕೂರಲು ಜಾಗವಿರಲಿಲ್ಲ. ಭಾಳ ಸಂತೋಷಪಟ್ಟೆ.

ಗ್ರಾಮಸೇವಕರು ಮೊದಲೇ ಎಚ್ಚರಿಸಿದ್ದರು: "ಇದು ಎರಡು ಜಾತಿ ಕೂಡಿಸಿ ಮಾಡಿದ್ದರಿ. ಇದರ ಕಾಳು ಬೀಜಕ್ಕ ಇಡಬ್ಯಾಡ್ರಿ, ಮುಂದ ಒಂದೊಂದು ಒಂದೊಂದು ನಮೂನಿ ಬರತೈತಿ. ಪ್ರತಿ ವರ್ಷ ಹೊಸಾದ ತರಬೇಕು." ಊರಿನ ಹಳೆಯ ತಳಿ ಮಾಲದಂಡಿ ಹಾಗಲ್ಲ, ಅಜ್ಜನ ಕಾಲದಿಂದ ತೆನೆ ಆರಿಸಿ ಬಿತ್ತುತ್ತ ಬಂದರೂ ಅದೇ ಜೋಳ. ಇದೆಲ್ಲ ನನಗೆ ಚೆನ್ನಾಗಿ ನೆನಪಿತ್ತು. ಹೇಳಿದರೆ ಎಲ್ಲರೂ ಎದ್ದು ಹೋಗುತ್ತಾರೆಂದು ನುಂಗಿಕೊಂಡು, ಕೇಳಿದವರಿಗೆಲ್ಲ ಬೀಜ ಅಳೆದುಕೊಟ್ಟೆ.

ಮರುವರ್ಷ ಬೀರಪ್ಪಕಾಕಾನ ಹೊಲದಲ್ಲಿ ಒಂದು ದಂಟು ಸೊಂಟಕ್ಕೆ, ಇನ್ನೊಂದು ತಲೆಯ ಮೇಲೆ. ಒಂದು ತೆನೆ ಗಟ್ಟಿ, ಮೂರು ಜೊಳ್ಳು. ಜನ ನನ್ನ ಬಾಗಿಲು ಬಿಟ್ಟು ಸುತ್ತಿ ಹೋಗತೊಡಗಿದರು. ಕಡೆಗೆ ಕಾಕಾ ಒಬ್ಬರೇ ಬಂದು ಹೊಸ್ತಿಲಾಚೆ ನಿಂತರು.

"ಮಾಸ್ತರ, ನಿಮಗ ಮೊದಲ ಗೊತ್ತಿತ್ತೇನ್ರಿ?"

"ಗೊತ್ತಿತ್ತು ಕಾಕಾ. ಹೇಳಿದ್ರ ನೀವ್ಯಾರೂ ಬರೂದಿಲ್ಲಂತ ಸುಮ್ಮನಿದ್ದೆ."

ಅವರು ಹೆಗಲ ಮೇಲಿನ ಕಂಬಳಿ ಸರಿಪಡಿಸಿಕೊಂಡರು. "ಐದು ವರ್ಷದಾಗ ಒಮ್ಮೆರ ಬರ್ರಿ ಅಂದೀರೇನ್ರಿ? ಕರದಿದ್ರ ಬೀಜ ಇಲ್ದನೂ ಬರತಿದ್ವಿ."

ನಿಜ, ನಾನು ಯಾರನ್ನೂ ಕರೆದಿರಲಿಲ್ಲ. "ಬರ್ರಿ ಕಾಕಾ, ಕುಂದ್ರಿ" ಎಂದೆ. "ಇವತ್ತು ಬ್ಯಾಡ್ರಿ, ಕುರಿ ಬಿಡೂ ಹೊತ್ತಾತು" ಎಂದು ಹೊರಟುಹೋದರು. ಅವರು ಓಣಿ ದಾಟುವವರೆಗೂ ಬಾಗಿಲಲ್ಲಿ ನಿಂತೇ ಇದ್ದೆ. ಬರ್ರಿ ಅನ್ನುವುದು ಇಷ್ಟು ಸುಲಭದ ಕೆಲಸವೆಂದು ನನಗೆ ತಿಳಿದಿರಲಿಲ್ಲ. ಜೋಳ ಬೆಳೆಯುವುದಕ್ಕಿಂತ ಖಂಡಿತ ಸುಲಭ.