ಎಂಟು ಸಾವಿರ ಹೆಜ್ಜೆ

ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಅವತ್ತು ಬೆಳಿಗ್ಗೆ ಒಂದಿಷ್ಟು ಗಾಳಿ ಇದ್ದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ. ಬೀಗದ ಮೇಷ್ಟ್ರು ಎಂದಿನಂತೆ ತುಳಿದುಕೊಂಡು ಅಂಗಡಿಗೆ ಹೋಗಿ, ಫೋನನ್ನು ಕೀ ಉಜ್ಜುವ ಅರಗಳ ಪಕ್ಕ ಇಟ್ಟು, ಸಂಜೆಯವರೆಗೂ ಸ್ಟೂಲಿನ ಮೇಲೆ ಕುಳಿತಿರುತ್ತಿದ್ದರು. ಆದರೆ ಚಕ್ರ ಪಂಕ್ಚರ್ ಆಗಿತ್ತು. ಫೋನನ್ನು ಜೇಬಿಗೆ ಹಾಕಿಕೊಂಡು ಅವರು ನಡೆದರು. ಎಷ್ಟೋ ತಿಂಗಳ ಮೇಲೆ ನಡೆದರು. ನಡೆದದ್ದೇ ತಪ್ಪಾಯಿತು.

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ, ಬೀಗ ರಿಪೇರಿ ಮಾಡುವವರು. ಕೀ ಕಳೆದುಕೊಂಡು ಬಂದವರಿಗೆ ಬೀಗ ತೆಗೆದುಕೊಟ್ಟು ಸುಮ್ಮನೆ ಕಳಿಸುವ ಜಾಯಮಾನ ಅವರದಲ್ಲ. ಬೀಗವನ್ನು ಬಿಚ್ಚಿ, ಸ್ಪ್ರಿಂಗು, ಪಿನ್ನು ಎಲ್ಲ ಹರಡಿ, "ನೋಡಿ, ಇದು ಇದನ್ನ ತಳ್ಳುತ್ತೆ, ಆಗ ಇದು ಮೇಲೇಳುತ್ತೆ" ಎಂದು ಅರ್ಧ ಗಂಟೆ ಪಾಠ ಮಾಡಿಯೇ ಬಿಡುವವರು. ಗಿರಾಕಿ ಆಕಳಿಸಿದರೂ ಬಿಡುತ್ತಿರಲಿಲ್ಲ. ಅದಕ್ಕೇ ಬೀದಿಯವರೆಲ್ಲ ಸೇರಿ ಅವರನ್ನು ಮೇಷ್ಟ್ರು ಮಾಡಿದ್ದರು.

ಅವತ್ತು ಮೇಷ್ಟ್ರಿಗೆ ಒಂದು ದೊಡ್ಡ ಕೆಲಸವಿತ್ತು. ದೂರದೂರಿನಲ್ಲಿರುವ ಮಗಳಿಗೆ ನಾಲ್ಕು ದಿನದ ಹಿಂದೆ ಹೆಣ್ಣು ಮಗುವಾಗಿತ್ತು. ನಾಡಿದ್ದು ಆಸ್ಪತ್ರೆಯಿಂದ ಮನೆಗೆ ಬರುವವಳು. ಅಳಿಯ ಒಳ್ಳೆಯವನೇ, ಆದರೆ ಮಗುವನ್ನು ಎತ್ತಿಕೊಂಡರೆ ಬಿಸಿ ಪಾತ್ರೆ ಹಿಡಿದವನ ಹಾಗೆ ಕುಣಿಯುತ್ತಾನಂತೆ. ಮೇಷ್ಟ್ರ ಹೆಂಡತಿ ಎರಡು ದಿನದಿಂದ ಚೀಲ ಕಟ್ಟಿಕೊಂಡು ಬಾಗಿಲಲ್ಲೇ ಇಟ್ಟಿದ್ದರು. ಮರುದಿನದ ಬಸ್ಸಿನಲ್ಲಿ ಕೊನೆಯ ಎರಡು ಸೀಟು ಸಿಕ್ಕಿತ್ತು. ಮೇಷ್ಟ್ರು ಫೋನಿನಲ್ಲಿ ಹಿಡಿದಿಟ್ಟಿದ್ದರು. ಮಧ್ಯಾಹ್ನ ಒಂದು ಗಂಟೆಯೊಳಗೆ ತಮ್ಮ ಖಾತೆಯಿಂದಲೇ ಹಣ ಕಟ್ಟದಿದ್ದರೆ ಸೀಟು ಬೇರೆಯವರ ಪಾಲು.

ಅಂಗಡಿಯಲ್ಲಿ ಬೆವರೊರೆಸಿಕೊಂಡು ಬ್ಯಾಂಕಿನ ಆಪ್ ತೆರೆದರೆ, ಕೆಂಪಕ್ಷರದಲ್ಲಿ ಬಂತು: "ಈ ಫೋನು ಹಿಡಿದು ನಡೆಯುತ್ತಿರುವವರು ಖಾತೆದಾರರಲ್ಲ ಎಂಬ ಸಂಶಯ ಬಂದಿದೆ. ನಿಮ್ಮ ಸುರಕ್ಷತೆಗಾಗಿ ಖಾತೆಗೆ ಬೀಗ ಹಾಕಲಾಗಿದೆ."

ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ಎನ್ನುತ್ತಿದ್ದರು. ಮೇಷ್ಟ್ರ ಕಣ್ಣು ಅರಳಿತು. ನಡೆಯುವವರನ್ನು ನೋಡಿ ಹಾಕಿಕೊಳ್ಳುವ ಬೀಗ! ಮೂವತ್ತು ವರ್ಷದ ಕಸುಬಿನಲ್ಲಿ ಇಂಥದ್ದೊಂದನ್ನು ಕಂಡಿರಲಿಲ್ಲ. ಇದರ ಹೊಟ್ಟೆಯಲ್ಲಿ ಏನಿರಬಹುದು ಎಂದು ಫೋನನ್ನು ತಿರುಗಿಸಿ ಮುರುಗಿಸಿ ನೋಡಿದರು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿಯೂ ನೋಡಿದರು.

ಎದುರಿನ ಕಟಿಂಗ್ ಶಾಪಿನವನು ಕತ್ತರಿ ಹಿಡಿದುಕೊಂಡೇ ಓಡಿಬಂದ. "ಏನಾಯ್ತು ಮೇಷ್ಟ್ರೇ?"

"ನಾನು ನಾನಲ್ಲವಂತೆ ಕಣಯ್ಯ."

"ಹಾಗಿದ್ರೆ ಮತ್ಯಾರಂತೆ?"

"ಅದನ್ನ ಹೇಳಿಲ್ಲ."

"ಫೋನ್ ಆಫ್ ಮಾಡಿ ಆನ್ ಮಾಡಿ. ನನಗಂತೂ ಎಲ್ಲದಕ್ಕೂ ಅದೇ ಮದ್ದು."

ಮಾಡಿದರು. ಬೀಗ ಹಾಗೇ ಇತ್ತು. ಅಷ್ಟರಲ್ಲಿ ಟೀ ಅಂಗಡಿಯವನು ಬಂದು, ಈ ಆಪ್‌ಗಳು ನಾವು ಮಾತಾಡೋದನ್ನೆಲ್ಲ ಕೇಳಿಸಿಕೊಳ್ಳುತ್ತವೆ, ಅದರ ಎದುರು ಬ್ಯಾಂಕನ್ನು ಬೈದಿರಬೇಕು ನೀವು ಎಂದ. ಕಟಿಂಗ್ ಶಾಪಿನವನು ಥಟ್ಟನೆ ಫೋನಿನ ಕಡೆ ಬಾಗಿ, "ಬ್ಯಾಂಕಿನವರು ದೇವರಂಥವರು" ಎಂದು ಗಟ್ಟಿಯಾಗಿ ಹೇಳಿದ. ಅದರಿಂದಲೂ ಏನೂ ಆಗಲಿಲ್ಲ.

ಸೀಟು ಏನಾಯಿತು ಎಂದು ಕೇಳಲು ಹೆಂಡತಿ ಅಂಗಡಿಗೇ ಬಂದರು. ಗಡಿಯಾರದಲ್ಲಿ ಹನ್ನೊಂದೂವರೆ. ವಿಷಯ ತಿಳಿದದ್ದೇ ಅವರ ಮುಖ ಬಾಡಿತು. "ಮೊದಲು ಬ್ಯಾಂಕಿಗೆ ಎದ್ದೇಳ್ರೀ. ಇಲ್ಲಿ ಪಂಚಾಯ್ತಿ ಮಾಡ್ಕೊಂಡು ಕೂತ್ರೆ ಬಸ್ಸು ಕಾಯುತ್ತಾ?"

ಬ್ಯಾಂಕಿನಲ್ಲಿ ಒಬ್ಬ ಅಧಿಕಾರಿಣಿ ಕೂತಿದ್ದರು. ಮಗಳ ವಯಸ್ಸು, ಬಲು ತಾಳ್ಮೆ. ಮೇಷ್ಟ್ರು ಗುರುತಿನ ಚೀಟಿ ಮುಂದಿಟ್ಟರು.

"ಸಾರ್, ನೀವು ನೀವೇ ಅನ್ನೋದು ನನಗೆ ಗೊತ್ತಾಯ್ತು" ಎಂದರು ಅಧಿಕಾರಿಣಿ. "ಆಪ್‌ಗೆ ಗೊತ್ತಾಗಬೇಕಲ್ಲ."

"ಅದಕ್ಕೆ ಹೇಗಮ್ಮ ಗೊತ್ತಾಗುತ್ತೆ? ಸ್ವಲ್ಪ ಬಿಡಿಸಿ ಹೇಳಿ. ನಾನೂ ಬೀಗದವನೇ."

ಅವರು ಬೆರಳು ಮಡಚುತ್ತ ಹೇಳಿದರು. ಫೋನನ್ನು ಎಷ್ಟು ಓರೆಯಾಗಿ ಹಿಡಿಯುತ್ತೀರಿ, ಹೆಬ್ಬೆರಳನ್ನು ಎಷ್ಟು ಒತ್ತುತ್ತೀರಿ, ಅಕ್ಷರ ಹುಡುಕಲು ಎಷ್ಟು ಹೊತ್ತು ತಗೊಳ್ಳುತ್ತೀರಿ, ಯಾವ ಹೊತ್ತಿನಲ್ಲಿ ಎಲ್ಲಿರುತ್ತೀರಿ, ಎಲ್ಲವನ್ನೂ ಆಪ್ ಬರೆದಿಟ್ಟುಕೊಳ್ಳುತ್ತದೆ. ಇತ್ತೀಚೆಗೆ ನಡಿಗೆಯನ್ನೂ ಕಲಿತಿದೆ. ಹೆಜ್ಜೆ ಎಷ್ಟು ಉದ್ದ, ಯಾವ ಕಾಲು ಗಟ್ಟಿಯಾಗಿ ಊರುತ್ತೀರಿ, ಎಲ್ಲಿ ನಿಂತು ಉಸಿರು ತಗೊಳ್ಳುತ್ತೀರಿ ಎಲ್ಲ ಅದಕ್ಕೆ ಗೊತ್ತು.

"ಇದನ್ನೆಲ್ಲ ನಾನು ಒಪ್ಪಿದ್ದು ಯಾವಾಗ?"

"ಆಪ್ ಹಾಕ್ಕೊಂಡಾಗ ‘ಒಪ್ಪಿದ್ದೇನೆ’ ಅಂತ ಒತ್ತಿದ್ರಲ್ಲ ಸಾರ್. ಅದರ ಮೇಲೆ ನಲವತ್ತೆರಡು ಪುಟ ಇತ್ತು."

ಸಾಲಿನಲ್ಲಿ ನಿಂತಿದ್ದವರೆಲ್ಲ ತಮ್ಮ ತಮ್ಮ ಫೋನನ್ನು ಹೊರಗೆ ತೆಗೆದು ಅನುಮಾನದಿಂದ ನೋಡಿಕೊಂಡರು. ಮೇಷ್ಟ್ರು ಮಾತ್ರ ತಲೆದೂಗಿದರು. ಎಂಥ ಕೆಲಸ! ಮನುಷ್ಯನೇ ಕೀ!

"ಪಾಸ್‌ವರ್ಡ್ ಕದೀಬಹುದು ಸಾರ್, ನಡಿಗೆ ಕದಿಯೋಕಾಗಲ್ಲ" ಎಂದು ಅಧಿಕಾರಿಣಿ ಮುಗಿಸಿದರು. "ಮೂರು ತಿಂಗಳಿಂದ ದಿನಾ ಸಂಜೆ ಆರರಿಂದ ಏಳು, ಎಂಟೆಂಟು ಸಾವಿರ ಹೆಜ್ಜೆ ನಡೆದಿದ್ದೀರಿ. ಇವತ್ತು ಬೆಳಿಗ್ಗೆ ಅದೇ ಫೋನು ಬೇರೆ ಯಾರದೋ ಜೇಬಲ್ಲಿ ನಡೆದಿದೆ."

ಮೇಷ್ಟ್ರ ಕುತೂಹಲವೆಲ್ಲ ಜರ್ರನೆ ಇಳಿದುಹೋಯಿತು. ಕದಿಯಲು ಆಗದ ಆ ನಡಿಗೆಯನ್ನು ಅವರೇ ಇನ್ನೊಬ್ಬರಿಗೆ ಕೊಟ್ಟುಬಿಟ್ಟಿದ್ದರು.

ಆಗಿದ್ದಿಷ್ಟು. ಮೂರು ತಿಂಗಳ ಹಿಂದೆ ಡಾಕ್ಟರು, ಕೂತು ಕೂತು ಮೈ ಕೆಟ್ಟಿದೆ, ದಿನಾ ಒಂದು ಗಂಟೆ ನಡೀಲೇಬೇಕು ಎಂದಿದ್ದರು. ಹೆಂಡತಿ ಅದನ್ನೇ ಹಿಡಿದುಕೊಂಡರು. ರಾತ್ರಿ ಊಟಕ್ಕೆ ಮೊದಲು ಫೋನಿನಲ್ಲಿ ಹೆಜ್ಜೆ ಎಣಿಸಿ ನೋಡಿಯೇ ತಟ್ಟೆ ಇಡುತ್ತಿದ್ದರು. ಮೇಷ್ಟ್ರಿಗೋ ಸಂಜೆ ಆರಾದರೆ ಕಟಿಂಗ್ ಶಾಪಿನ ಹಿಂಬದಿಯಲ್ಲಿ ಕ್ಯಾರಂ ಆಡದಿದ್ದರೆ ಜೀವಕ್ಕೆ ಸಮಾಧಾನವಿಲ್ಲ. ಪಕ್ಕದ ಮನೆಯ ನಿವೃತ್ತ ಬಸ್ ಕಂಡಕ್ಟರು ದಿನಾ ಪಾರ್ಕಿನಲ್ಲಿ ನಡೆಯುವವರು. ನಡೆಯುವುದು ಹೇಗೂ ನಡೆಯುತ್ತೀರಿ, ನನ್ನ ಫೋನನ್ನೂ ಜೇಬಿಗೆ ಹಾಕ್ಕೊಂಡು ಹೋಗಿ ಎಂದು ಮೇಷ್ಟ್ರು ಕೈ ಹಿಡಿದು ಕೇಳಿಕೊಂಡಿದ್ದರು. ಏಳಕ್ಕೆ ಫೋನು ವಾಪಸ್ಸು ಬರುತ್ತಿತ್ತು, ಎಂಟು ಸಾವಿರ ಹೆಜ್ಜೆ ತುಂಬಿಕೊಂಡು. ಹೆಂಡತಿಗೆ ನಂಬಿಕೆ ಬರಲಿ ಎಂದು ಮೇಷ್ಟ್ರು ಊಟದ ಹೊತ್ತಿಗೆ ಪಾರ್ಕಿನ ವರ್ಣನೆಯನ್ನೂ ಬಡಿಸುತ್ತಿದ್ದರು. ಕೊಳದ ಬಾತುಕೋಳಿ ಮರಿ ಮಾಡಿದೆ ಎಂದು ಒಂದು ದಿನ, ಮರಿ ಈಜು ಕಲಿತಿದೆ ಎಂದು ಇನ್ನೊಂದು ದಿನ.

"ಅಂದ್ರೆ," ಎಂದರು ಹೆಂಡತಿ ಅಧಿಕಾರಿಣಿಯ ಕಡೆ ಬಾಗಿ, "ಫೋನ್ ಹಿಡ್ಕೊಂಡು ನಡೆದಿದ್ದು ಯಾರು ಅಂತ ಇದಕ್ಕೆ ಸರಿಯಾಗಿ ಗೊತ್ತಾಗುತ್ತೇನಮ್ಮಾ?"

"ಪಕ್ಕಾ ಗೊತ್ತಾಗುತ್ತೆ ಆಂಟಿ."

"ಓಹೋ" ಎಂದು ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮಿದರು. ಮೇಷ್ಟ್ರು ಆ ಕೆಮ್ಮು ಕೇಳಿ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿಕೊಂಡರು.

ಬೀಗ ತೆಗೆಯಲು ಎರಡೇ ದಾರಿ. ಒಂದು, ಅರ್ಜಿ ಬರೆದುಕೊಟ್ಟು ಏಳು ದಿನ ಕಾಯುವುದು. ಇನ್ನೊಂದು, ಫೋನು ಹಿಡಿದು ಕೌಂಟರಿನಿಂದ ಬಾಗಿಲವರೆಗೆ ನಡೆದು ತೋರಿಸುವುದು. ಅದಕ್ಕೆ ಮೂರೇ ಅವಕಾಶ.

"ನಡೀರಿ, ಅದರಲ್ಲೇನು!" ಎಂದರು ಹೆಂಡತಿ. "ದಿನಾ ಎಂಟು ಸಾವಿರ ನಡೆಯೋರಿಗೆ ಎಂಟು ಹೆಜ್ಜೆ ಭಾರವಾ?"

ಮೇಷ್ಟ್ರು ನಡೆದರು. ಬಾಗಿಲು ಮುಟ್ಟಿದರು. ಫೋನು ಗುರ್ರೆಂದಿತು. "ಖಾತೆದಾರರಲ್ಲ."

ಜನಕ್ಕೆ ಇನ್ನೇನು ಬೇಕು? ತಲೆಗೊಂದು ಮಾತು. "ಕೈ ಬೀಸಿ ನಡೀರಿ ಯಜಮಾನ್ರೇ!" ಎಂದ ಒಬ್ಬ. "ಹೊಟ್ಟೆ ಒಳಗೆ ಎಳ್ಕೊಳ್ಳಿ" ಎಂದ ಇನ್ನೊಬ್ಬ. ಬಂದೂಕು ಹಿಡಿದ ಕಾವಲಿನವನಂತೂ ಬಾಗಿಲಿಗೆ ಅಡ್ಡವಾಗಿ ನಿಂತುಬಿಟ್ಟ. ಖಾತೆದಾರರಲ್ಲದವರು ಓಡಿಹೋದರೆ ಕಷ್ಟ ಎಂದು ಅವನ ಲೆಕ್ಕಾಚಾರ.

ಗಂಟೆ ಹನ್ನೆರಡೂಕಾಲು. ಹೆಂಡತಿ ಗಡಿಯಾರ ನೋಡಿದರು, ಜೊತೆಗೆ ತಂದಿದ್ದ ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡರು. ಅದನ್ನು ನೋಡಿ ಮೇಷ್ಟ್ರಿಗೆ ನಿಜವಾಗಿಯೂ ಸಂಕಟವಾಯಿತು. ಇವಳು ಮೊಮ್ಮಗಳನ್ನು ನೋಡುವುದು ತಪ್ಪಿದರೆ ತನ್ನ ಕ್ಯಾರಂಗೆ ಬೆಂಕಿ ಬೀಳಲಿ ಎನಿಸಿತು. ಪಕ್ಕದವನ ಫೋನು ಇಸಿದುಕೊಂಡು ಮೂಲೆಗೆ ಹೋಗಿ ಪಿಸುಗುಟ್ಟಿದರು. ಹತ್ತು ನಿಮಿಷದಲ್ಲಿ ಕಂಡಕ್ಟರು ಬಂದರು. ಆದರೆ ಮನುಷ್ಯ ಯಾಕೋ ಬಾಗಿಲಲ್ಲೇ ನಿಂತು ತಲೆ ಕೆರೆದುಕೊಳ್ಳುತ್ತಿದ್ದರು.

ಮೇಷ್ಟ್ರು ಹೆಂಡತಿಯ ಮುಂದೆ ನಿಂತರು. "ನೋಡೇ, ನಾನೊಂದು ಮಾತು ಹೇಳ್ತೀನಿ, ಬೈಬೇಡ. ಬೈದ್ರೂ ಮನೇಲಿ ಬೈ. ನಾನು ಒಂದು ದಿನಾನೂ ನಡೀಲಿಲ್ಲ. ಕ್ಯಾರಂ ಆಡ್ತಿದ್ದೆ. ನಡೆದಿದ್ದೆಲ್ಲ ಇವರು."

ಸಾಲಿನಲ್ಲಿದ್ದವರೆಲ್ಲ ಹೆಂಡತಿಯ ಕಡೆ ತಿರುಗಿದರು.

"ಬಾತುಕೋಳಿ?" ಎಂದರು ಹೆಂಡತಿ.

"ಅದೂ ಸುಳ್ಳು."

"ಗೊತ್ತು ಬಿಡಿ. ಆ ಕೊಳಕ್ಕೆ ಮಣ್ಣು ತುಂಬಿ ಎರಡು ವರ್ಷವಾಯ್ತು."

ಅಷ್ಟೇ. ಬೈಯಲಿಲ್ಲ, ಕೂಗಾಡಲಿಲ್ಲ. ಮೇಷ್ಟ್ರಿಗೆ ಅದೇ ಹೆಚ್ಚು ಭಯವಾಯಿತು. ಅಧಿಕಾರಿಣಿ ಎಲ್ಲ ಕೇಳಿಸಿಕೊಂಡು, "ನಿಯಮದ ಪ್ರಕಾರ ತಪ್ಪು ಸಾರ್, ಆದರೆ ಖಾತೆದಾರರು ನೀವೇ ಎದುರಿಗಿದ್ದೀರಲ್ಲ, ನಡೆಸಿ ನೋಡೋಣ" ಎಂದರು. ಎಷ್ಟೇ ತಾಳ್ಮೆಯವರಾದರೂ ಅವರಿಗೂ ಈಗ ಕುತೂಹಲ ತಡೆಯಲಾಗುತ್ತಿರಲಿಲ್ಲ. ಕಂಡಕ್ಟರು ಫೋನನ್ನು ಹಾವು ಹಿಡಿದವರಂತೆ ಹಿಡಿದು ನಡೆದರು. ಬಾಗಿಲು ಮುಟ್ಟಿದರು.

"ಖಾತೆದಾರರಲ್ಲ. ಇನ್ನು ಒಂದೇ ಅವಕಾಶ."

ಮೇಷ್ಟ್ರು ಕಕ್ಕಾಬಿಕ್ಕಿಯಾದರು. "ಇದೇನ್ರೀ! ನಾನೂ ಅಲ್ಲ, ನೀವೂ ಅಲ್ಲ. ಮತ್ತೆ ಮೂರು ತಿಂಗಳು ನಡೆದಿದ್ದು ಯಾರು?"

ಕಂಡಕ್ಟರು ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದರು. "ಅದೂ... ನೀವು ಫೋನ್ ಕೊಟ್ಟ ಎರಡನೇ ದಿನಾನೇ ನನ್ನ ಮಂಡಿ ಹಿಡ್ಕೊಂಡ್ತು ಮೇಷ್ಟ್ರೇ. ನೀವು ಬೇಜಾರಾಗ್ತೀರಿ ಅಂತ ಹೇಳಲಿಲ್ಲ."

"ಹಾಗಿದ್ರೆ ಯಾರಿಗೆ ಕೊಟ್ರಿ?"

ಕಂಡಕ್ಟರು ಮಂಡಿ ನೀವಿಕೊಂಡರು. ಹನ್ನೆರಡು ಮುಕ್ಕಾಲಾಗಿತ್ತು. ಕುರ್ಚಿಯಿಂದ ಮೇಷ್ಟ್ರ ಹೆಂಡತಿ ಎದ್ದರು. ಚೀಲವನ್ನು ಗಂಡನ ಕೈಗೆ ಕೊಟ್ಟರು, ಫೋನನ್ನು ಕಂಡಕ್ಟರ ಕೈಯಿಂದ ತೆಗೆದುಕೊಂಡರು. ಕೌಂಟರಿನಿಂದ ಬಾಗಿಲವರೆಗೆ ಚುರುಕಾಗಿ, ಕತ್ತು ಎತ್ತಿ, ಬಲಗಾಲನ್ನು ತುಸು ಗಟ್ಟಿಯಾಗಿ ಊರುತ್ತ ನಡೆದರು. ಕಾವಲಿನವನು ತಾನಾಗಿಯೇ ದಾರಿ ಬಿಟ್ಟ.

ಫೋನು ಇಂಪಾಗಿ ಸದ್ದು ಮಾಡಿತು. "ನಮಸ್ಕಾರ. ಖಾತೆದಾರರಿಗೆ ಸ್ವಾಗತ."

ಬ್ಯಾಂಕೆಲ್ಲ ಹೋ ಎಂದಿತು. ಅಧಿಕಾರಿಣಿ ಚಪ್ಪಾಳೆ ತಟ್ಟಿಬಿಟ್ಟು, ತಾನು ಅಧಿಕಾರಿಣಿ ಎಂಬುದು ನೆನಪಾಗಿ ಕೈ ಕೆಳಗಿಳಿಸಿದರು. ಹೆಂಡತಿ ಮೊದಲು ಸೀಟಿನ ಹಣ ಕಟ್ಟಿಸಿದರು, ಎರಡು ಟಿಕೆಟ್ಟು ಬಂದದ್ದನ್ನು ಎರಡು ಸಲ ಓದಿಕೊಂಡರು. ಆಮೇಲೆ ಗಂಡನ ಕಡೆ ತಿರುಗಿದರು.

"ನೀನಾ?" ಎಂದರು ಮೇಷ್ಟ್ರು.

"ಅಣ್ಣ ಎರಡನೇ ದಿನ ಕುಂಟ್ಕೊಂಡು ಬಂದು ಫೋನ್ ನನ್ನ ಕೈಗೇ ಕೊಟ್ರು. ಆರಕ್ಕೆ ತಗೊಂಡು ಏಳಕ್ಕೆ ಅವರಿಗೆ ವಾಪಸ್ಸು ಕೊಡ್ತಿದ್ದೆ. ಎಷ್ಟು ದಿನ ಸುಳ್ಳು ಬಡಿಸ್ತೀರಿ ನೋಡೋಣ ಅಂತ ಸುಮ್ಮನಿದ್ದೆ. ಮೊದಲು ಸಿಟ್ಟಲ್ಲೇ ನಡೆದೆ, ಆಮೇಲೆ ಇಷ್ಟವಾಯ್ತು. ನನ್ನ ಸೊಂಟನೋವು ಹೋಯ್ತು, ಗೊತ್ತಾ?"

"ಮತ್ತೆ ರಾತ್ರಿ ಹೆಜ್ಜೆ ಎಣಿಸ್ತಿದ್ದೆಯಲ್ಲ?"

"ನಾನು ಎಷ್ಟು ನಡೆದೆ ಅಂತ ನನಗೆ ಗೊತ್ತಾಗಬೇಡ್ವಾ?"

ಅಧಿಕಾರಿಣಿ ಗಂಟಲು ಸರಿಮಾಡಿಕೊಂಡು ಕಾಗದದ ಒಂದು ಕಟ್ಟು ಮುಂದಿಟ್ಟರು. ಖಾತೆ ಇವರ ಹೆಸರಲ್ಲಿ, ನಡಿಗೆ ಅವರ ಹೆಸರಲ್ಲಿ ಇರುವಂತಿಲ್ಲ. ಆಪ್ ಮೇಷ್ಟ್ರನ್ನು ಹೊಸದಾಗಿ ಕಲಿಯಬೇಕು. ಅದಕ್ಕೆ ಮೂವತ್ತು ದಿನ, ದಿನಕ್ಕೆ ಒಂದು ಗಂಟೆ, ಖುದ್ದಾಗಿ ಮೇಷ್ಟ್ರೇ ನಡೆಯಬೇಕು. ಒಂದು ದಿನ ತಪ್ಪಿದರೂ ಮತ್ತೆ ಮೊದಲಿನಿಂದ. ಊರಿಗೆ ಹೋದರೂ ಬಿಡುಗಡೆಯಿಲ್ಲ, ಆಪ್ ಜೊತೆಗೇ ಬರುತ್ತದೆ.

ಬೀಗದ ಮೇಷ್ಟ್ರು ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಬೀಗಕ್ಕೆ ಕೈ ಮುಗಿದರು. ಎಲ್ಲಿ ಸಹಿ ಹಾಕಬೇಕೆಂದು ಕೇಳಿ, ನಲವತ್ತೆರಡು ಪುಟವನ್ನು ಈ ಸಲವೂ ಓದದೇ ಸಹಿ ಹಾಕಿದರು. ಅವರಿಗೆ ದುಃಖವಾದದ್ದು ಬ್ಯಾಂಕಿನ ವಿಷಯಕ್ಕಲ್ಲ. ಆರು ಗಂಟೆಯ ಕ್ಯಾರಂ ಬೋರ್ಡು ಕಣ್ಣ ಮುಂದೆ ಬಂದಿತ್ತು.

ಹೊರಗೆ ಬಂದ ಮೇಲೆ ಕಂಡಕ್ಟರು ಮೆಲ್ಲಗೆ ಕೇಳಿದರು. "ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಊರಿಂದ ಬಂದ ಮೇಲೂ ನೀವು ನಡೀತಾನೇ ಇರ್ತೀರಿ. ಕಟಿಂಗ್ ಶಾಪಲ್ಲಿ ನಿಮ್ಮ ಜಾಗ ಖಾಲಿ ಇರುತ್ತಲ್ಲ, ನಾನು ಕೂತ್ಕೊಳ್ಳಲಾ? ಹೇಗೂ ನನಗೆ ಮಂಡಿನೋವು."

ಮೇಷ್ಟ್ರು ನಿಟ್ಟುಸಿರು ಬಿಟ್ಟು ಹೂಂ ಅನ್ನುವುದರಲ್ಲಿದ್ದರು.

"ಅದು ಖಾಲಿ ಇಲ್ಲಣ್ಣಾ" ಎಂದರು ಹೆಂಡತಿ, ಗಂಡನ ಕೈಯಿಂದ ಚೀಲ ತೆಗೆದು ಹೆಗಲಿಗೇರಿಸಿಕೊಳ್ಳುತ್ತ. "ಇವರ ಪಾಲಿನ ಮೂರು ತಿಂಗಳು ನಾನು ನಡೆದಾಯ್ತು. ಇನ್ನು ನನ್ನ ಪಾಲಿಂದು ಇವರು ನಡೀತಾರೆ. ಕ್ಯಾರಂ ನಾನು ಆಡ್ತೀನಿ."