ಹಾವಿನ ಪೊರೆ, ನನ್ನ ಹೀಟರು

ಯಾರ ಮನೆಯಲ್ಲಿ ಏನು ನಡೆಯುತ್ತದೆ ಅಂತ ನಾನು ಹುಡುಕಿಕೊಂಡು ಹೋಗುವವಳಲ್ಲ. ಅದೇ ನನ್ನನ್ನು ಹುಡುಕಿಕೊಂಡು ಬರುತ್ತದೆ. ಹುಬ್ಬಳ್ಳಿಯಲ್ಲಿದ್ದಾಗ ಓಣಿಯ ಸುದ್ದಿ ಬರುತ್ತಿತ್ತು. ಮೆಲ್ಬರ್ನ್‌ಗೆ, ಪಾಯಿಂಟ್ ಕುಕ್‌ನ ಮಗಳ ಮನೆಗೆ ಬಂದ ಮೇಲೆ ಹಾವೇ ಬಂತು.

೧. ಕಾಗದಪತ್ರ

ಕಾಲೇಜು ಓದುವ ಮೊಮ್ಮಗಳು ಒಂದು ದಿನ ಗಾಜಿನ ಪೆಟ್ಟಿಗೆ ತಂದು ತನ್ನ ಕೋಣೆಯಲ್ಲಿ ಇಟ್ಟಳು. ಒಳಗೆ ಮಾರುದ್ದದ ಹಾವು. ಹೆಬ್ಬಾವಿನ ಜಾತಿ, ವಿಷ ಇಲ್ಲ, ಸಾಕಬಹುದು ಅಂದಳು. ನಾನು ಹೊಸ್ತಿಲಿನ ಆಚೆಗೇ ನಿಂತೆ. ಇಂಥದ್ದನ್ನು ಮನೆಯಲ್ಲಿಟ್ಟರೆ ಪೊಲೀಸರು ಬರುವುದಿಲ್ಲವೇ ಅಂತ ಕೇಳಿದೆ. ಅವಳು ಸರಕಾರದ ಲೈಸೆನ್ಸ್ ತೋರಿಸಿದಳು.

ನಾನು ಆಗ ವಿಸಿಟರ್ ವೀಸಾದ ಮೇಲಿದ್ದೆ, ಅದೂ ಮುಗಿಯಲು ಬಂದಿತ್ತು. ಆ ಮನೆಯಲ್ಲಿ ಕಾಗದ ಗಟ್ಟಿ ಇಲ್ಲದವಳು ನಾನೊಬ್ಬಳೇ.

೨. ಹೀಟರು

ಇಲ್ಲಿ ಜುಲೈ ಅಂದರೆ ಎಲುಬಿನೊಳಗಿನ ಥಂಡಿ. ಮಗಳ ಕಾನೂನು ಏನೆಂದರೆ ಮನೆ ಬೆಚ್ಚಗಿಡುವ ಹೀಟರು ಹತ್ತೊಂಬತ್ತು ಡಿಗ್ರಿಯ ಮೇಲೆ ಹೋಗಕೂಡದು. ಅವರೆಲ್ಲ ಹೊರಗೆ ಹೋದ ತಕ್ಷಣ ನಾನು ಇಪ್ಪತ್ತೆಂಟಕ್ಕೆ ಏರಿಸಿ, ಹಪ್ಪಳ ಒಣಗಿಸುವಂಥ ಬಿಸಿಗಾಳಿಯಲ್ಲಿ ಹಾಯಾಗಿರುತ್ತಿದ್ದೆ. ಅವರು ಬರುವ ಹೊತ್ತಿಗೆ ಇಳಿಸಿ, ಶಾಲು ಹೊದ್ದು, ನಡುಗುತ್ತ ಕೂಡುತ್ತಿದ್ದೆ.

ಸ್ವಲ್ಪ ದಿನಕ್ಕೆ ಹಾವಿನ ಬಣ್ಣ ಮಾಸಿತು. ಕಣ್ಣು ಹಾಲಿನಂತೆ ಬೆಳ್ಳಗಾಯಿತು. ಪೊರೆ ಬಿಡುವ ಕಾಲ ಬಂತು ಅಂತ ಮೊಮ್ಮಗಳಿಗೆ ಸಂಭ್ರಮ. ಆದರೆ ಬಾಲದ ಕಡೆ ಹಳೇ ಗೋಡೆಯ ಸುಣ್ಣದಂತೆ ಚೂರುಚೂರು ಉದುರಿ, ತಲೆಯಿಂದ ನಡುವಿನ ತನಕ ಪೊರೆ ಅಂಟಿಕೊಂಡೇ ನಿಂತಿತು. ಕಣ್ಣಿನ ಮೇಲೂ ನಿಂತಿತು.

ಹಾವಿನ ಡಾಕ್ಟರ ಹತ್ತಿರ ಹೋಗಿ ಬಂದಳು. ಮನೆಯ ಗಾಳಿ ಒಣಗಿದೆ, ದಿನಾ ಉಗುರುಬೆಚ್ಚನೆ ನೀರಿನಲ್ಲಿ ನೆನೆಸಿ, ಒದ್ದೆ ಟವೆಲಿನೊಳಗೆ ಹರಿದಾಡಲು ಬಿಡಿ, ಕೈಯಿಂದ ಎಳೆದರೆ ಕಣ್ಣೇ ಹೋದೀತು ಅಂದರಂತೆ. ಹೇಳುತ್ತ ಹೇಳುತ್ತ ಹುಡುಗಿ ಅತ್ತಳು. ಮೆಲ್ಬರ್ನ್‌ನ ಇಂಥ ಹಸಿ ಚಳಿಯಲ್ಲಿ ನಮ್ಮ ಮನೆಯೊಂದೇ ಹೇಗೆ ಒಣಗಿತು ಅಂತ ಕೇಳಿದಳು.

ನಾನು ಚಹಾದ ಕಪ್ಪು ಬಾಯಿಗೆ ಹಿಡಿದೆ. ಮುಗಿದ ಮೇಲೂ ಹಿಡಿದೇ ಇದ್ದೆ.

ನಾಗದೋಷ ಅಂದರೆ ಸಣ್ಣ ಮಾತಲ್ಲ. ಅದು ಮುದುಕಿಯನ್ನು ಬಿಟ್ಟು ಮೊಮ್ಮಗಳ ಮದುವೆ, ಮಕ್ಕಳನ್ನು ಹಿಡಿಯುತ್ತದೆ. ಜೀವಮಾನದಲ್ಲಿ ಎಷ್ಟೋ ಜನರ ಮಾನ ತೆಗೆದಿದ್ದೇನೆ. ಹಾವಿನ ಕಣ್ಣು ತೆಗೆದಿರಲಿಲ್ಲ.

೩. ಏಲಕ್ಕಿ

ಎರಡು ಮನೆ ಆಚೆ ಒಬ್ಬ ಬೆಳಗಾವಿಯಾಕೆ ಇದ್ದಾಳೆ. ಅವಳ ತಂಗಿ ಸಿಡ್ನಿಯ ಕೆಲ್ಲಿವಿಲ್‌ನಲ್ಲಿ. ಇವಳ ಕಿವಿಗೆ ಬಿದ್ದದ್ದು, ಒಗ್ಗರಣೆ ಚಟಪಟ ಅನ್ನುವುದು ನಿಲ್ಲುವುದರೊಳಗೆ ಅಲ್ಲಿಗೆ ಮುಟ್ಟುತ್ತದೆ. ಗೊತ್ತಿದ್ದೂ ಹೆದರಿಕೆ ತಡೆಯಲಾರದೆ, ಹೀಟರಿನ ಸಂಗತಿ ನುಂಗಿ, ಹಾವಿನ ಕಣ್ಣಿನದಷ್ಟೇ ಹೇಳಿದೆ.

“ನಾಗಪ್ಪ ಸಿಟ್ಟಾಗ್ಯಾನ್ರೀ ಅಕ್ಕಾರ. ನಾಡಿದ್ದ ಪಂಚಮಿ. ಹಾಲೆರೀರಿ, ಕಣ್ಣ ಬಿಡ್ತಾನ,” ಅಂದಳು.

ಇಲ್ಲಿ ಮಣ್ಣಿನ ನಾಗಪ್ಪ ಸಿಗುವುದಿಲ್ಲ. ಮಕ್ಕಳು ಆಡುವ, ಕಣಕದಂಥ ಹಸಿರು ಮುದ್ದೆಯಲ್ಲಿ ಹೆಡೆ ಮಾಡಿ ಹಾಲೆರೆಯುತ್ತಾರೆ ಇಲ್ಲಿಯ ನಮ್ಮವರು. ಈಗ ಜೀವಂತ ನಾಗಪ್ಪನೇ ಮನೆಯಲ್ಲಿ. ಪಂಚಮಿಯ ತನಕ ಕಾಯಲಾರದೆ, ಮರುದಿನವೇ ಮೊಮ್ಮಗಳು ಕಾಲೇಜಿಗೆ ಹೋದ ಮೇಲೆ ಬಟ್ಟಲು ಹಾಲು ಹಿಡಿದು, ಪೆಟ್ಟಿಗೆಯ ಮುಚ್ಚಳ ನಾಲ್ಕು ಬೆರಳು ಸರಿಸಿದೆ. “ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು” ಅಂತ ನಮ್ಮ ಕಡೆಯ ಪದ್ಧತಿಯಂತೆ ಒಂದೊಂದು ಪಾಲಿಗೆ ಒಂದೊಂದೇ ಚಮಚ ಎರೆದೆ. ಅಜ್ಜನ ಪಾಲಿಗೆ ಬರುವಷ್ಟರಲ್ಲಿ ಅದು ತಲೆ ಎತ್ತಿತು. ಉಳಿದ ಬಂಧುಬಳಗದ ಪಾಲೆಲ್ಲ ಒಮ್ಮೆಲೇ ಅದರ ಮೈಮೇಲೆ ಸುರಿಯಿತು. ನಾನು ಮುಚ್ಚಳ ಎಳೆದು, ಹೊರಗೆ ಓಡಿ ಸೋಫಾ ಹತ್ತಿದೆ.

ಸಂಜೆ ಮೊಮ್ಮಗಳು ಹಾವು ತೊಳೆಯುತ್ತ ಕೇಳಿದಳು: “ಅಜ್ಜಿ, ವೈ ಡಸ್ ಮೈ ಸ್ನೇಕ್ ಸ್ಮೆಲ್ ಲೈಕ್ ಪಾಯಸ?”

ಏಲಕ್ಕಿ ನಾನೇ ಹಾಕಿದ್ದೆ. ಬರೀ ಹಾಲು ಯಾರು ಕುಡಿಯುತ್ತಾರೆ?

೪. ಸ್ವೆಟರು

ಪಂಚಮಿಯ ದಿನ ಮಗಳು ಆಫೀಸಿಗೆ ಹೋಗಿದ್ದಳು. ಹಾವಿನ ತಲೆ, ಕಣ್ಣಿನ ಮೇಲಿನ ಪೊರೆ ಇನ್ನೂ ಹೋಗಿರಲಿಲ್ಲ. ಮರುದಿನ ಮತ್ತೆ ಡಾಕ್ಟರ ಹತ್ತಿರ ಹೋಗಬೇಕಿತ್ತು. ನೀರಿನಲ್ಲಿ ನೆನೆಸಿದ ಹಾವನ್ನು ಮೊಮ್ಮಗಳು ಎತ್ತುವುದು, ಒದ್ದೆ ಟವೆಲು ನಾನು ಹಿಡಿಯುವುದು ಅಂತಾಯಿತು. ಮಾಡಿದ ಪಾಪಕ್ಕೆ ಇಲ್ಲ ಅನ್ನಲಾಗಲಿಲ್ಲ.

ನಾನು ಹೀಟರು ಮುಟ್ಟುವುದನ್ನು ಬಿಟ್ಟಿದ್ದೆ. ಥಂಡಿಗೆ ನಮ್ಮ ಯಜಮಾನರ ಹಳೇ ಉಣ್ಣೆ ಸ್ವೆಟರು ಹಾಕಿಕೊಂಡಿದ್ದೆ. ಕಂಬಳಿಗಿಂತ ಹೆಚ್ಚು ಚುಚ್ಚುತ್ತದೆ, ತೋಳು ಎರಡು ಕೈ ಹಿಡಿಯುವಷ್ಟು ಅಗಲ. ಹಾವಿಗೂ ಥಂಡಿಯೇ ಇರಬೇಕು. ಟವೆಲಿನ ಆ ತುದಿಯಿಂದ ಬಂದದ್ದು ಈ ತುದಿಯಲ್ಲಿ ನಿಲ್ಲದೆ ಸೀದಾ ನನ್ನ ತೋಳಿನೊಳಗೆ ಹೋಯಿತು.

“ಅಜ್ಜಿ, ಡೋಂಟ್ ಮೂವ್,” ಅಂದಳು ಮೊಮ್ಮಗಳು.

“ಮೂವ್ ಆಗಾಕ ಕಾಲ ಎಲ್ಲೆದಾವ ನನಗ?”

ಮೊಣಕೈ ದಾಟಿತು. ಬೆನ್ನಿಗೆ ಬಂತು. ಉಣ್ಣೆಗೆ ಮೈ ಉಜ್ಜಿಕೊಳ್ಳುತ್ತ ಹೆಗಲು ಸುತ್ತಿತು. ನನ್ನ ಕಾಲ ಮುಗಿಯಿತು ಅಂತ ಖಾತ್ರಿಯಾಯಿತು. ಮನಸ್ಸಿನಲ್ಲಿ ಒಂದೂ ಉಳಿಯಬಾರದು ಅಂತ ಹೇಳಿಬಿಟ್ಟೆ: “ಹೀಟರ್ ನಾನ ಹಚ್ಚತಿದ್ದೆ. ಇಪ್ಪತ್ತೆಂಟಕ್ಕ.”

“ಐ ನೋ ಅಜ್ಜಿ. ಹೀಟರ್ ನನ್ನ ಫೋನಲ್ಲಿ ಕಾಣುತ್ತೆ. ಮೊನ್ನೆ ನೋಡಿದೆ.”

ಸಾಯುವಾಗಲೂ ನನಗೆ ಹೇಳಲು ಹೊಸ ಸುದ್ದಿ ಇರಲಿಲ್ಲ.

ಆಮೇಲೆ ಬಲತೋಳಿನಿಂದ ತಲೆ ಹೊರಗೆ ಬಂತು. ಎರಡೂ ಕಣ್ಣು ಕರಿಮಣಿಯ ಹಾಗೆ ಹೊಳೆಯುತ್ತಿದ್ದವು. ಮೊಮ್ಮಗಳು ನಗುತ್ತ, ಅಳುತ್ತ ಅದನ್ನು ಪೆಟ್ಟಿಗೆಗೆ ಒಯ್ದಳು.

ಅಷ್ಟರಲ್ಲಿ ಬಾಗಿಲ ಗಂಟೆ. ಬೆಳಗಾವಿಯಾಕೆ, ಒಂದು ಕೈಯಲ್ಲಿ ಶೇಂಗಾ ಉಂಡಿ, ಇನ್ನೊಂದರಲ್ಲಿ ಹಾಲಿನ ತಂಬಿಗೆ. ಬಾಗಿಲು ತೆರೆದೆ, ಆದರೆ ಬೆನ್ನಲ್ಲಿ ಏನೋ ತುರಿಸುತ್ತಿತ್ತು. ಕುತ್ತಿಗೆಯಿಂದ ಕೈ ಹಾಕಿ ಎಳೆದೆ. ಎಳೆದಷ್ಟೂ ಬಂತು. ಮೊಳದುದ್ದದ ಪೊರೆ, ಎರಡು ಕಣ್ಣಿನ ಗುರುತಿನ ಸಮೇತ.

ಆಕೆ ಪೊರೆ ನೋಡಿದಳು. ನನ್ನ ಮುಖ ನೋಡಿದಳು. ಉಂಡಿ ಹೊಸ್ತಿಲ ಮೇಲಿಟ್ಟು, ತಂಬಿಗೆ ಎತ್ತಿ, “ದೇವರ ಪಾಲು, ಗುರುವಿನ ಪಾಲು” ಅನ್ನುತ್ತ ನನ್ನ ಪಾದಕ್ಕೆ ಹಾಲೆರೆದು, ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆದು ಹೋದಳು.

ನಾನು ಕಾಲು ಒರೆಸಿಕೊಳ್ಳುವ ಮೊದಲೇ ಕೆಲ್ಲಿವಿಲ್‌ನ ತಂಗಿ ಫೋನು ಮಾಡಿದಳು. ಪಾಯಿಂಟ್ ಕುಕ್ ಅಜ್ಜಿ ಪೊರೆ ಬಿಟ್ಟಳು ಅಂತ ಅಲ್ಲೆಲ್ಲ ಸುದ್ದಿಯಂತೆ. ಇಂಥದ್ದನ್ನು ಯಾರು ನಂಬುತ್ತಾರೆ ಅಂತ ಕೇಳಿದೆ.

ಎಲ್ಲರೂ ನಂಬಿದರಂತೆ. ನನ್ನ ನಾಲಿಗೆ ಮೇಲೆ ಅವರಿಗೆ ಮೊದಲಿನಿಂದಲೂ ಗುಮಾನಿ ಇತ್ತಂತೆ.