ಮಗಳ ಕೈ ಬಿಟ್ಟ ಚೆಂಡು

ವಿಡಿಯೋದ ವಿಷಯದಲ್ಲಿ ನಮ್ಮ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವ ಅಗತ್ಯವಿರಲಿಲ್ಲ. ಏಕೆಂದರೆ ನಾನಿದ್ದೆ!

ನನ್ನ ಮಗಳು ನಿಶಾ ಸೆಕೆಂಡರಿ ಸ್ಕೂಲಿನಲ್ಲಿ ಬಾಸ್ಕೆಟ್‌ಬಾಲ್ ಹಿಡಿದ ದಿನದಿಂದ ಪಾಲಿಟೆಕ್ನಿಕ್ ಟೀಮಿಗೆ ಕ್ಯಾಪ್ಟನ್ ಆಗುವವರೆಗೆ, ಅವಳ ಒಂದೊಂದು ಪಂದ್ಯವೂ ನನ್ನ ಫೋನಿನಲ್ಲಿದೆ. ಈ ಸಿಂಗಪುರದ ಸೆಕೆಯಲ್ಲಿ ದಿನವಿಡೀ ಊರವರ ಏಸಿ ರಿಪೇರಿ ಮಾಡಿ, ಅವರನ್ನೆಲ್ಲ ತಣ್ಣಗೆ ಕೂರಿಸಿ, ನಾನು ಬೆವರು ಸುರಿಸುತ್ತಾ ಯೂನಿಫಾರ್ಮಿನಲ್ಲೇ ಪಂದ್ಯಕ್ಕೆ ಓಡುತ್ತಿದ್ದೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಮಗಳ ಗಣಿತ ನನಗೆ ತಿಳಿಯದು, ವಿಜ್ಞಾನ ತಿಳಿಯದು. ತಿಳಿಯುತ್ತಿದ್ದದ್ದು ಬಾಸ್ಕೆಟ್‌ಬಾಲ್ ಒಂದೇ. ಒಂದು ಬುಟ್ಟಿ, ಒಂದು ಚೆಂಡು. ಇದರಲ್ಲಿ ತಿಳಿಯದಿರಲು ಏನಿದೆ?

ಹಾಗೆಂದುಕೊಂಡಿದ್ದೆ.

ಶಾಲೆಯ ಕೋಚ್ ಒಮ್ಮೆ ಪಂದ್ಯಗಳನ್ನು ರೆಕಾರ್ಡ್ ಮಾಡಲು ಕ್ಯಾಮೆರಾ ತಂದು ನಿಲ್ಲಿಸಿದ್ದ. "ನಿಮಗೇಕೆ ಆ ತೊಂದರೆ? ಆ ವಿಭಾಗ ನನ್ನದು" ಎಂದು ಗಂಭೀರವಾಗಿ ಹೇಳಿ, ಕ್ಯಾಮೆರಾ ವಾಪಸ್ ಕಳಿಸಿದೆ. ಅವನು ಕೈ ಕುಲುಕಿ ಥ್ಯಾಂಕ್ಸ್ ಹೇಳಿದ. ಪಾಪ, ಒಳ್ಳೆಯ ಮನುಷ್ಯ.

ಇಷ್ಟಾಗಿ ಹೋದ ವರ್ಷ ಒಂದು ಶನಿವಾರ ಬೆಳಗ್ಗೆ ನಿಶಾ ಚೋವಾ ಚು ಕಾಂಗ್‌ನ ನಮ್ಮ ಫ್ಲಾಟ್ ನಡುಗುವಂತೆ ಕಿರುಚಿದಳು. ಪೋರ್ಚುಗಲ್ ದೇಶದ ಒಂದು ಸಣ್ಣ ಊರಿನ ಕ್ಲಬ್ಬಿಗೆ ಗಾರ್ಡ್, ಅಂದರೆ ಚೆಂಡು ತಂದು ಹಂಚುವ ಆಟಗಾರ್ತಿ, ಬೇಕಾಗಿದ್ದಳಂತೆ. ಸೋಮವಾರದೊಳಗೆ ಆಟದ ವಿಡಿಯೋ ಕಳಿಸಿದರೆ ನೋಡಿ ಟ್ರಯಲ್‌ಗೆ ಕರೆಯುತ್ತಾರೆ. ಇಲ್ಲದಿದ್ದರೆ ಬೇರೆ ಯಾರೋ ಕಾಯುತ್ತಿದ್ದಾರೆ.

"ಕಳಿಸೋಣ" ಎಂದೆ, ಕಾಲ ಮೇಲೆ ಕಾಲು ಹಾಕಿ. "ಯಾವ ವರ್ಷದ್ದು ಬೇಕು, ಕೇಳು."

ಫೋನನ್ನು ಟಿವಿಗೆ ಜೋಡಿಸಿದೆವು. ಹೆಂಡತಿ ಸುಮನಾ ಒಗ್ಗರಣೆ ಕೆಲಸ ಬಿಟ್ಟು ಬಂದು ಕೂತಳು. ಮೊದಲ ವಿಡಿಯೋದಲ್ಲಿ ನಿಶಾ ಚೆಂಡು ತಟ್ಟುತ್ತಾ ಬಂದಳು, ಒಬ್ಬಳನ್ನು ದಾಟಿದಳು, ಇನ್ನೊಬ್ಬಳನ್ನು ದಾಟಿದಳು, ಪಾಸ್ ಕೊಟ್ಟಳು. ವಿಡಿಯೋ ಮುಗಿಯಿತು. ಎರಡನೆಯದರಲ್ಲೂ ಬಂದಳು, ದಾಟಿದಳು, ಪಾಸ್ ಕೊಟ್ಟಳು. ಮುಗಿಯಿತು. ಮೂರನೆಯದೂ ಅಷ್ಟೇ.

"ಅಪ್ಪಾ, ಪಾಸ್ ಆದ್ಮೇಲೆ ಏನಾಯ್ತು?"

"ಆಮೇಲೆ ಏನಾಗುತ್ತೆ? ಚೆಂಡು ನಿನ್ನ ಕೈಲಿಲ್ಲ. ನಾನ್ ಯಾಕೆ ತೆಗೀಲಿ?"

"ಅಪ್ಪಾ! ನಾನು ಗಾರ್ಡ್ lah! ನಾನು ಕೊಟ್ಟ ಬಾಲ್ ಏನಾಯ್ತು ಅನ್ನೋದೇ ನನ್ನ ಗೇಮ್!" ಸಿಟ್ಟು ಬಂದರೆ ಅವಳ ಕನ್ನಡಕ್ಕೂ ಸಿಂಗಪುರದವರ lah ಅಂಟಿಕೊಳ್ಳುತ್ತದೆ.

"ಬೇರೆಯವರ ಮಗಳು ಬುಟ್ಟಿಗೆ ಹಾಕ್ತಾಳೆ. ಅದನ್ನ ಅವಳಪ್ಪ ತೆಗೀಲಿ! ಫೋನಲ್ಲಿ ಜಾಗ ಬೇಡ್ವಾ?"

ಒಟ್ಟಿನಲ್ಲಿ ನನ್ನ ಸಂಗ್ರಹವನ್ನು ನೋಡಿದ ಯಾರಿಗೇ ಆದರೂ ಒಂದೇ ಅಭಿಪ್ರಾಯ ಬರುವಂತಿತ್ತು. ಈ ಹುಡುಗಿ ವರ್ಷಗಟ್ಟಲೆ ಚೆಂಡನ್ನು ಶ್ರಮಪಟ್ಟು ತಂದು ಎಲ್ಲೋ ಎಸೆದು ಬರುತ್ತಾಳೆ!

"ಇಷ್ಟು ಕಷ್ಟಪಟ್ಟು ತಂದು ಇನ್ನೊಬ್ಬರ ಕೈಗೆ ಯಾಕಮ್ಮ ಕೊಡ್ಬೇಕು?" ಎಂದು ನನ್ನ ಹಳೆಯ ಸಂಶಯವನ್ನು ಮುಂದಿಟ್ಟೆ. "ಅಡುಗೆ ನಾವು ಮಾಡೋದು, ಹೆಸರು ಬಡಿಸಿದವರಿಗಾ?"

"ಈ ಮನೇಲಿ ನಾನು ಅಡುಗೆ ಮಾಡಿ ಬಡಿಸ್ತಾನೂ ಇದೀನಿ. ಹೆಸರು ಬಂದಿಲ್ಲ" ಎಂದಳು ಸುಮನಾ.

ನಿಶಾ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಫೋನಿನ ವೈರು ಸುತ್ತಿ ನನ್ನ ಕೈಗೆ ಕೊಟ್ಟು, "ಪರ್ವಾಗಿಲ್ಲಪ್ಪ, ನೀವು ಟಯರ್ಡ್ ಆಗಿರ್ತಿದ್ರಿ" ಎಂದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಮಾತಿಗಿಂತ ನಾಲ್ಕು ಬೈಗುಳ ಮೇಲಿತ್ತು.

ಸುಮನಾ ನನ್ನನ್ನೇ ನೋಡುತ್ತಿದ್ದಳು. "ರೀ, ಅವಳು ಹೆಚ್ಚಾಗಿ ಪಾಸ್ ಕೊಡ್ತಿದ್ದದ್ದು ಜೋಲೀನ್‌ಗೆ. ಅವಳಪ್ಪನೂ ವಿಡಿಯೋ ತೆಗೀತಿದ್ರಲ್ಲ?"

ಹೌದು, ಜೋಲೀನಳ ಅಪ್ಪ ಲಿಮ್ ತೆಗೆಯುತ್ತಿದ್ದರು. ಆದರೆ ಲಿಮ್‌ಗೂ ನನಗೂ ಮಾತಿರಲಿಲ್ಲ. ಹಿಂದೊಂದು ಪಂದ್ಯದ ಕೊನೆಯಲ್ಲಿ ನಿಶಾ ಕೊಟ್ಟ ಚೆಂಡನ್ನು ಜೋಲೀನ್ ಬುಟ್ಟಿಗೆ ಹಾಕಲಾಗದೆ ಟೀಮು ಸೋತಿತ್ತು. "ನನ್ನ ಮಗಳೇ ಹಾಕಿದ್ದರೆ ಗೆಲ್ಲುತ್ತಿದ್ದೆವು" ಎಂದು ನಾನು ಲಿಮ್‌ಗೆ ಕೇಳುವಂತೆ ಹೇಳಿದೆ. ಅಂದಿನಿಂದ ಗ್ಯಾಲರಿಯ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು. ಎರಡು ದೇಶಗಳ ರಾಯಭಾರಿಗಳಂತೆ!

ಭಾನುವಾರ ಬೆಳಗ್ಗೆ ನಾನು ಬುಕಿತ್ ಪಂಜಾಂಗ್‌ನಲ್ಲಿದ್ದ ಲಿಮ್ ಮನೆಯ ಬಾಗಿಲಲ್ಲಿ ನಿಂತಿದ್ದೆ. ಕ್ಷಮೆ ಕೇಳುವುದು ನನ್ನ ಜಾಯಮಾನದಲ್ಲಿಲ್ಲ. ಹಾಗಾಗಿ ಟೂಲ್ಸ್ ಬ್ಯಾಗ್ ತೆಗೆದುಕೊಂಡು ಹೋಗಿದ್ದೆ.

"ನಿಮ್ಮ ಏಸಿ ಸರ್ವಿಸ್ ಮಾಡಲು ಬಂದೆ" ಎಂದೆ, ನನ್ನ ಮುರುಕು ಇಂಗ್ಲಿಷಿನಲ್ಲಿ.

"ನಾನು ಕರೆದಿಲ್ಲವಲ್ಲ?"

"ಫ್ರೀ."

ಲಿಮ್ ನನ್ನ ಮುಖವನ್ನೂ ಬ್ಯಾಗನ್ನೂ ನೋಡಿದರು. "ಏನೋ ಬೇಕಾಗಿದೆ ನಿನಗೆ" ಎಂದರು. ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ. ಕಂಪ್ಯೂಟರ್ ಹಚ್ಚಿ ತಮ್ಮ ವಿಡಿಯೋ ತೋರಿಸಿದರು. ಜೋಲೀನ್ ಬುಟ್ಟಿಯ ಬಳಿ ಖಾಲಿ ಕೈಯಲ್ಲಿ ನಿಂತಿದ್ದಾಳೆ. ಎಲ್ಲಿಂದಲೋ, ಆಕಾಶದಿಂದ ಬಿದ್ದಂತೆ, ಚೆಂಡು ಅವಳ ಕೈಗೆ ಬರುತ್ತದೆ. ಹಾಕುತ್ತಾಳೆ. ಚೆಂಡು ಕೊಟ್ಟವರು ಯಾರೆಂದು ದೇವರಿಗೇ ಗೊತ್ತು! ಆ ಮನುಷ್ಯ ತನ್ನ ಮಗಳನ್ನು ಬಿಟ್ಟು ಯಾರನ್ನೂ ತೆಗೆದಿರಲಿಲ್ಲ.

"ನೀನು ನಿನ್ನ ಮಗಳನ್ನು ತೆಗೆದೆ, ನಾನು ನನ್ನ ಮಗಳನ್ನು ತೆಗೆದೆ" ಎಂದರು ಲಿಮ್ ನಿಟ್ಟುಸಿರಿಟ್ಟು. "ಪಂದ್ಯವನ್ನು ಯಾರೂ ತೆಗೆಯಲಿಲ್ಲ lah."

ಅವರ ಮಗಳು ಜೋಲೀನ್ ಬಾಸ್ಕೆಟ್‌ಬಾಲ್ ಬಿಟ್ಟು ಬ್ಯಾಂಕ್ ಸೇರಿದ್ದಳು. ರಜೆಯಾದ್ದರಿಂದ ಮನೆಯಲ್ಲೇ ಇದ್ದಳು. ನನ್ನ ಫೋನು ಪಡೆದು ಕಂಪ್ಯೂಟರ್ ಮುಂದೆ ಕೂತಳು. ನನ್ನ ವಿಡಿಯೋದ ಬಾಲಕ್ಕೆ ಅವಳಪ್ಪನ ವಿಡಿಯೋದ ತಲೆಯನ್ನು ಅಂಟಿಸಿದರೆ ಒಂದು ಪೂರ್ತಿ ಆಟ. "ಅಂಕಲ್, ಆಗುತ್ತೆ!" ಎಂದಳು.

ಕೈ ಕಟ್ಟಿ ಕೂರುವುದು ನನಗಾಗದು. ಮಾತು ಕೊಟ್ಟಂತೆ ಅವಳ ತಲೆಯ ಮೇಲಿದ್ದ ಏಸಿಯ ಮುಚ್ಚಳ ಬಿಚ್ಚಿದೆ. ನೀರು ಹೋಗುವ ಪೈಪನ್ನು ಕಳಚಿ ತೊಳೆದೆ. ಇನ್ನು ಅದನ್ನು ಸಿಕ್ಕಿಸಿ ಮೇಲಿನಿಂದ ನೀರು ಸುರಿದು ನೋಡಬೇಕು. ಬಕೆಟ್ ಎತ್ತಿದೆ. ಅದೇ ಹೊತ್ತಿಗೆ ಕೆಳಗಿನಿಂದ ಜೋಲೀನ್, "ಅಂಕಲ್, ನೋಡಿ ನೋಡಿ!" ಎಂದಳು.

ಏಣಿಯ ಮೇಲಿಂದಲೇ ನೋಡಿದೆ. ನಿಶಾ ಚೆಂಡು ತಂದಳು, ಇಬ್ಬರನ್ನು ದಾಟಿದಳು. ಎಡಕ್ಕೆ ನೋಡಿ ಬಲಕ್ಕೆ ಕೊಟ್ಟಳು. ನನ್ನ ವಿಡಿಯೋ ಮುಗಿಯಬೇಕಾದಲ್ಲಿ ಮುಗಿಯಲಿಲ್ಲ. ಚೆಂಡು ಮೂರು ಜನರ ಕೈಗಳ ಸಂದಿಯಲ್ಲಿ ನುಸುಳಿ, ಜೋಲೀನ್ ಇನ್ನೂ ಬಂದಿರದ ಜಾಗಕ್ಕೆ ಹೋಯಿತು. ಅವಳು ಬಂದಳು. ಚೆಂಡು ಅಲ್ಲಿತ್ತು!

ಇಷ್ಟು ವರ್ಷ ಗ್ಯಾಲರಿಯಲ್ಲಿ ಕೂತು ನಾನು ಇದನ್ನು ನೋಡಿರಲಿಲ್ಲ. ಸ್ಟಾಪ್ ಒತ್ತುವುದರಲ್ಲಿದ್ದೆ. ಕಣ್ಣು ಮಂಜಾಯಿತು. ಕೈ ಮಾತ್ರ ತನ್ನ ಕೆಲಸ ತಾನು ಮಾಡಿತು. ಬಕೆಟ್ ನೀರನ್ನು ಏಸಿಗೆ ಸುರಿಯಿತು.

ಪೈಪು ನೆಲದ ಮೇಲಿತ್ತು.

"ಅಯ್ಯೋ! ವಿಡಿಯೋ!" ಲಿಮ್ ಆ ವಯಸ್ಸಿಗೆ ಹಾರಿದ ಹಾಗೆ ಜೋಲೀನ್ ಕೂಡ ಯಾವ ಪಂದ್ಯದಲ್ಲೂ ಹಾರಿರಲಾರಳು. ಕಂಪ್ಯೂಟರನ್ನು ಎದೆಗವಚಿಕೊಂಡು ಬೆನ್ನನ್ನು ನೀರಿಗೊಡ್ಡಿದರು. ಕಂಪ್ಯೂಟರ್ ಉಳಿಯಿತು. ಲಿಮ್, ಸೋಫಾ, ಅವರ ಹೆಂಡತಿ ಆಗಷ್ಟೇ ಮಡಚಿಟ್ಟಿದ್ದ ಬಟ್ಟೆ, ಯಾವುದೂ ಉಳಿಯಲಿಲ್ಲ.

"ಎಷ್ಟು ವರ್ಷದಿಂದ ಈ ಕೆಲಸ ಮಾಡ್ತಿದ್ದೀಯ?" ಎಂದು ಕೇಳಿದರು ಲಿಮ್, ಮೂಗಿನಿಂದ ನೀರು ತೊಟ್ಟಿಕ್ಕಿಸುತ್ತಾ. ನಾನು ನೆಲ ಒರೆಸುವುದರಲ್ಲಿ ಮಗ್ನನಾದೆ. ಆ ಮನೆಯ ಏಸಿ ಸರ್ವಿಸ್ ಅಂದಿನಿಂದ ಜೀವನಪೂರ್ತಿ ಫ್ರೀ. ಅದನ್ನು ಲಿಮ್ ಅವರ ಹೆಂಡತಿಯೇ ತೀರ್ಮಾನಿಸಿದರು.

ಅಂದು ರಾತ್ರಿಯೇ ವಿಡಿಯೋ ಕ್ಲಬ್ಬಿನವರಿಗೆ ಹೋಯಿತು. ನಿಶಾ ಟ್ರಯಲ್‌ಗೆ ಹೋದಳು, ಪೋರ್ಚುಗಲ್‌ನಲ್ಲೇ ಉಳಿದಳು. ಈ ವರ್ಷ ಪೋಲೆಂಡಿನ ಇನ್ನೂ ದೊಡ್ಡ ಕ್ಲಬ್ಬಿನವರು ಕರೆದುಕೊಂಡಿದ್ದಾರೆ. ಅಲ್ಲಿನ ಚಳಿಯಲ್ಲಿ ನನ್ನ ಉದ್ಯೋಗಕ್ಕೆ ಭವಿಷ್ಯವಿಲ್ಲ, ಆದ್ದರಿಂದ ನಾವು ಇಲ್ಲೇ ಇದ್ದೇವೆ. ಅವಳಿಲ್ಲದ ರೂಮಿನ ಬಾಗಿಲನ್ನು ಸುಮನಾ ತೆರೆದೇ ಇಡುತ್ತಾಳೆ. ನಾನು ಕೆಲಸದಿಂದ ಬಂದು ಅದರ ಮುಂದೆ ಸುಮ್ಮನೆ ಎರಡು ಸಲ ಓಡಾಡುತ್ತೇನೆ.

ಪಂದ್ಯ ಇಂಟರ್ನೆಟ್ಟಿನಲ್ಲಿ ಬರುತ್ತದೆ. ನಾನೀಗ ಪಾಠ ಕಲಿತವನು! ಮಗಳಿಗೆ ಅಂಟಿಕೊಳ್ಳುವುದಿಲ್ಲ. ಚೆಂಡು ಎಲ್ಲಿ ಹೋಗುತ್ತದೆ, ಯಾರು ಎಲ್ಲಿ ನಿಂತಿದ್ದಾರೆ, ಇಡೀ ಆಟವನ್ನು ನೋಡುತ್ತೇನೆ. ಕಳೆದ ಭಾನುವಾರವೂ ಹಾಗೆಯೇ ನೋಡಿದೆ. ಕೊನೆಯ ಗಳಿಗೆಯಲ್ಲಿ ಒಂದು ಪಾಸ್ ಹೋಯಿತು ನೋಡಿ, ಸೋಫಾದಿಂದ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಪಂದ್ಯ ಗೆದ್ದರು. ಸ್ವಲ್ಪ ಹೊತ್ತಿಗೆ ನಿಶಾಳ ಫೋನು ಬಂತು.

"ಅಪ್ಪಾ, ನೋಡಿದ್ರಾ?"

"ನೋಡದೆ ಏನು! ಆ ಕೊನೇ ಪಾಸ್ ಇದೆಯಲ್ಲ ಮಗಳೇ, ಅದು ಪಾಸು! ಕೊಡೋದು ಅಂದ್ರೆ ಹಾಗೆ ಕೊಡ್ಬೇಕು! ನಿನ್ನ ಆಟ ಈಗ ನಂಗೆ ಪೂರ್ತಿ ಅರ್ಥ ಆಗ್ತಿದೆ."

"ಅಪ್ಪಾ... ಅದು ನಾನಲ್ಲ. ಸೆಕೆಂಡ್ ಹಾಫ್ ಪೂರ್ತಿ ನಾನು ಬೆಂಚಲ್ಲಿ ಕೂತಿದ್ದೆ."

ಸುಮನಾ ನನ್ನ ಕೈಯಿಂದ ಫೋನು ತೆಗೆದುಕೊಂಡಳು. "ಕಾಲು ನೋವು ಹೇಗಿದೆ ಪುಟ್ಟಾ? ಐಸ್ ಇಟ್ಕೊಂಡ್ಯಾ?"

ಆಗ ನನಗೆ ತಿಳಿಯಿತು, ಮಗಳ ಕಾಲಿಗೆ ನೋವಾಗಿತ್ತು ಎಂದು.